ಭಾಗವ್ವನ ಹಿಂದೆ ಬರೀ ಆಕಾಶ

ನನ್ನ ನೌಕರಿ ಹೆದರಿಕೆಯಲ್ಲಿ ಶುರುವಾಗಿ ಹೆದರಿಕೆಯಲ್ಲೇ ಮುಗಿಯಿತು. ಮೊದಲ ದಿನ ರಾಮದುರ್ಗ ತಾಲೂಕಿನ ಒಂದು ಶಾಲೆಯಲ್ಲಿ ಕೈಯೊಳಗಿನ ಸೀಮೆಸುಣ್ಣ ಬೆವರಿಗೆ ಹಸಿಯಾಗಿ ಹಲಗೆಯ ಮೇಲೆ ಅಕ್ಷರವೇ ಮೂಡಲಿಲ್ಲ. ಕೊನೆಯ ವರ್ಷಗಳಲ್ಲಿ ಹಲಗೆಯೇ ಇರಲಿಲ್ಲ. ಮಕ್ಕಳೆಲ್ಲ ಅಂಗೈಯಗಲದ ಫೋನಿನೊಳಗೆ ಹೊಕ್ಕಿದ್ದರು. ಆಗ ಹೆದರಿದ್ದು ಅಕ್ಷರಕ್ಕಲ್ಲ, ಜೀವಕ್ಕೆ. ನಡುವೆ ಬಡ್ತಿ, ವರ್ಗಾವಣೆ, ಶಾಲು, ಹಾರ ಎಲ್ಲ ಬಂದವು. ಅವನ್ನು ಬರೆಯುವುದಿಲ್ಲ. ಶಾಲುಗಳು ಕಪಾಟಿನಲ್ಲಿವೆ, ಚಳಿ ಬಿದ್ದಾಗ ಹೊದೆಯಲು ಬರುತ್ತವೆ. ಅಷ್ಟು ಉಪಕಾರ ಸಾಕು.

ಈಗ ನಾನು ಸವದತ್ತಿಯ ನನ್ನ ಮನೆಯಲ್ಲಿ ಬರೀ ಗೃಹಿಣಿ. ಅಂಗಳ ಸಾರಿಸಿ, ದೇವರ ಮುಂದೆ ದೀಪ ಹಚ್ಚಿ, ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಬಿಸಿಲೇರುತ್ತದೆ. ನಮ್ಮ ಓಣಿಯ ಸುಮಂಗಲಾಗೆ ಮೊನ್ನೆ ಮಾಸ್ತರಿಕೆ ನೌಕರಿ ಆಯಿತು. ಫೇಡೆ ಹಿಡಿದುಕೊಂಡು ಬಂದಿದ್ದಳು.

"ಅಕ್ಕೋರ, ನನಗ ಭಾಳ ಅಂಜಿಕಿ ಬರಾಕತ್ತೈತ್ರಿ. ಏನರ ನಾಕ ಮಾತ ಹೇಳ್ರಿ" ಅಂದಳು.

"ಅಂಜಿಕಿ ಬರ್ಲಿ ಬಿಡವಾ. ನಾ ಕಡೀತನಾ ಅಂಜೇನಿ."

"ನೀವೂ ಅಂಜತಿದ್ರ್ಯಾ?" ಎಂದು ನಕ್ಕಳು. ಆಮೇಲೆ, "ಈಗೇನ್ರಿ, ಎಲ್ಲಾ ಫೋನಿನ್ಯಾಗ ಸಿಗತೈತಿ. ನಮಗ ಕೆಲಸಾನ ಕಡಿಮಿ ಆಗತೈತಿ" ಅಂದಳು.

ಅವಳು ಹೋದಮೇಲೆ ಆ ಮಾತು ತಲೆಯಲ್ಲಿ ಉಳಿಯಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಸುಮಂಗಲಾ ಓದಲಿ, ಅವಳಂಥ ಹೊಸಬರು ಓದಲಿ.

ಮೊದಲು ರಾಮದುರ್ಗದ ಕಡೆಯ ಒಂದು ಸಂಗತಿ ಹೇಳುತ್ತೇನೆ. ನನ್ನ ವರ್ಗದಲ್ಲಿ ಒಬ್ಬ ನೇಕಾರರ ಹುಡುಗ ದಿನಾ ಮೊದಲ ತಾಸಿನಲ್ಲೇ ನಿದ್ದೆ ಮಾಡುತ್ತಿದ್ದ. ಗಣಿತ ನನ್ನ ವಿಷಯ. ನಾನು ಲೆಕ್ಕ ಬಿಡಿಸುತ್ತಿದ್ದರೆ ಅವನು ಗೋಡೆಗೆ ತಲೆ ಆನಿಸುತ್ತಿದ್ದ. ಅಲ್ಲಿದ್ದ ಹಿರಿಯ ಗುರುಗಳ ಹತ್ತಿರ ದೂರು ಹೇಳಿದೆ. ಅವರು ಶಾಲೆ ಬಿಟ್ಟ ಮೇಲೆ "ನಡೀರಿ ಬಾಯಾರ" ಎಂದು ನನ್ನನ್ನು ಅವನ ಮನೆಗೆ ಕರೆದುಕೊಂಡು ಹೋದರು. ಒಂದೇ ಕೋಣೆ. ಅದರ ತುಂಬ ಮಗ್ಗ. ಅದರ ಸಪ್ಪಳಕ್ಕೆ ಎದೆ ನಡುಗುತ್ತಿತ್ತು. ಮಗ್ಗದ ಮಗ್ಗುಲಿಗೆ ಒಂದು ಚಾಪೆ ಸುತ್ತಿಟ್ಟಿತ್ತು. ಅದೇ ಹುಡುಗನ ಹಾಸಿಗೆ.

ಗುರುಗಳು ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಬೇಕಾಯಿತು. "ಇಲ್ಲಿ ನಿದ್ದಿ ಬರತೈತೇನ್ರಿ ಬಾಯಾರ? ಆ ಹುಡುಗಗ ನಿಮ್ಮ ವರ್ಗ ಒಂದ ತಣ್ಣಗ ಇರೂ ಜಾಗಾ."

ಅಂದಿನಿಂದ ಅವನನ್ನು ಮೊದಲ ತಾಸು ಎಬ್ಬಿಸಲಿಲ್ಲ. ಮಧ್ಯಾಹ್ನ ಕೂಡಿಸಿಕೊಂಡು ಹೇಳಿಕೊಟ್ಟೆ. ಹುಡುಗ ಪಾಸಾದ. ದೇವರು ಅಷ್ಟು ನಡೆಸಿಕೊಟ್ಟ. ಅಂದಿನಿಂದ ಯಾವ ಊರಿಗೆ ವರ್ಗವಾದರೂ ಮಕ್ಕಳು ಮನೆಯಲ್ಲಿ ಎಲ್ಲಿ ಕೂತು ಓದುತ್ತಾರೆ ಎಂದು ಒಮ್ಮೆ ಕಣ್ಣಾರೆ ನೋಡಿ ಬರುವುದು ನನ್ನ ರೂಢಿಯಾಯಿತು.

ಆ ರೂಢಿಗೆ ಕುತ್ತು ಬಂದದ್ದು ಕೊರೊನಾ ಕಾಲದಲ್ಲಿ. ನಾನಾಗ ಸವದತ್ತಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿದ್ದೆ. ಶಾಲೆ ಮುಚ್ಚಿತು, ಮನೆಗಳ ಬಾಗಿಲು ಮುಚ್ಚಿದವು. ಫೋನಿನಲ್ಲಿ ಪಾಠ ಮಾಡಿ ಎಂದರು. ನನಗೆ ಫೋನಿನಲ್ಲಿ ಮಾತಾಡಲು ಬರುತ್ತಿತ್ತು, ಅಷ್ಟೇ. ನನ್ನ ಮಗಳು ದೂರದಿಂದ ಹೇಳಿಕೊಟ್ಟು ಹೇಳಿಕೊಟ್ಟು ಸಾಕಾದಳು. ಮೊದಲ ಪಾಠ ಪೂರ್ತಿ ಧ್ವನಿ ಬಂದ್ ಇಟ್ಟೇ ಮಾಡಿದೆ. ಮಕ್ಕಳು ಕೈ ಆಡಿಸುತ್ತಿದ್ದರು. ತಿಳಿಯಿತು ಅನ್ನುತ್ತಿದ್ದಾರೆ ಎಂದುಕೊಂಡು ಇನ್ನೊಂದು ಲೆಕ್ಕ ಬಿಡಿಸಿದೆ. ಇನ್ನೊಂದು ದಿನ ಪಾಠ ಮುಗಿಸಿ ಫೋನು ಆರಿಸುವುದನ್ನು ಮರೆತು ಪೂಜೆಗೆ ಕೂತುಬಿಟ್ಟೆ. ಮರುದಿನ ಒಬ್ಬ ಕಿಡಿಗೇಡಿ, "ಅಕ್ಕೋರ, ನಿನ್ನೆ ಮಂಗಳಾರತಿ ಛಲೋ ಇತ್ರಿ. ಪ್ರಸಾದ ಮಾತ್ರ ಮುಟ್ಟಲಿಲ್ಲ" ಅಂದ. ನಗುವಂಥದ್ದು ಇತ್ತು. ಹೆದರುವಂಥದ್ದೂ ಇತ್ತು. ವರ್ಗದಲ್ಲಿ ತುಂಬಿ ತುಳುಕುತ್ತಿದ್ದ ಮಕ್ಕಳಲ್ಲಿ ಫೋನಿನಲ್ಲಿ ಕಾಣುತ್ತಿದ್ದವರು ಕಾಲುಭಾಗವೂ ಅಲ್ಲ. ಉಳಿದವರು ಎಲ್ಲಿದ್ದಾರೆ, ಉಂಡರೋ ಇಲ್ಲವೋ, ಒಂದೂ ಗೊತ್ತಾಗುತ್ತಿರಲಿಲ್ಲ. ದೀಪ ಹಚ್ಚುವಾಗ ಅವರ ಹೆಸರು ಒಂದೊಂದೇ ನೆನೆಯುತ್ತಿದ್ದೆ. ಕೆಲವು ಹೆಸರು ನೆನಪಾಗದೆ ಹೋದರೆ ಎದ್ದುಹೋಗಿ ಹಾಜರಿ ಪುಸ್ತಕ ತೆಗೆದು ನೋಡುತ್ತಿದ್ದೆ.

ಕಾಣುತ್ತಿದ್ದವರಲ್ಲಿ ಒಬ್ಬ ಚಿನ್ಮಯ. ಅವನಪ್ಪನದು ಪೇಟೆಯಲ್ಲಿ ಗೊಬ್ಬರದ ಅಂಗಡಿ. ಹುಡುಗನಿಗೆ ತನ್ನದೇ ಕೋಣೆ, ಮೇಜು, ತಲೆಯ ಮೇಲೆ ತಿರುಗುವ ಫ್ಯಾನು. ಅವನ ಹಿಂದೆ ನೀಲಿ ಬಣ್ಣದ ಗೋಡೆ, ಅದರ ಮೇಲೆ ಭೂಪಟ. ನಾನು ಪ್ರಶ್ನೆ ಕೇಳಿದರೆ ಅವನ ತಾಯಿ ಮರೆಯಿಂದ ಉತ್ತರ ಪಿಸುಗುಡುವುದು ನನಗೂ ಕೇಳುತ್ತಿತ್ತು. ಅಜ್ಜಿ ನಡುವೆಯೇ ಉಪ್ಪಿಟ್ಟಿನ ತಾಟು ತಂದು ಮೇಜಿನ ಮೇಲೆ ಇಟ್ಟು, "ಮೊದಲ ತಿನ್ನೋ ನನ್ನಪ್ಪಾ, ಲೆಕ್ಕ ಎಲ್ಲಿ ಓಡಿ ಹೊಕ್ಕಾವು?" ಅನ್ನುತ್ತಿದ್ದಳು. ಹುಡುಗ ಒಳ್ಳೆಯವನೇ. ದೇವರು ಅವನಿಗೆ ಕೊಟ್ಟದ್ದಕ್ಕೆ ನಾನು ಯಾಕೆ ಮುಖ ಕೆಡಿಸಿಕೊಳ್ಳಲಿ?

ಇನ್ನೊಬ್ಬಳು ಭಾಗವ್ವ. ಉಗರಗೋಳದ ಆಚೆಗಿನ ಒಂದು ಸಣ್ಣ ಹಳ್ಳಿಯವಳು, ಒಂಬತ್ತನೆಯ ವರ್ಗ. ಅವಳಪ್ಪ ಬಸಪ್ಪ ಸವದತ್ತಿಯಿಂದ ಯಲ್ಲಮ್ಮನ ಗುಡ್ಡಕ್ಕೆ ಭಕ್ತರನ್ನು ಒಯ್ಯುವ ಟಂಟಂ ರಿಕ್ಷಾ ಓಡಿಸುತ್ತಿದ್ದ. ತಾಯಿ ಗುಡ್ಡದ ಮೇಲೆ ಕಾಯಿ, ಕರ್ಪೂರ, ಅರಿಷಿಣದ ಭಂಡಾರ ಮಾರುತ್ತಿದ್ದಳು. ಯಲ್ಲಮ್ಮನ ಗುಡಿ ಮುಚ್ಚಿದಾಗ ಇಬ್ಬರ ಕೈಯೂ ಖಾಲಿಯಾಯಿತು. ಬಸಪ್ಪ ಸಿಕ್ಕ ಕೂಲಿಗೆ ಹೋಗುತ್ತಿದ್ದ. ಕೂಲಿಗೆ ಕರೆಯುವವರ ಫೋನು ಬರಬೇಕಲ್ಲ, ಹಾಗಾಗಿ ಮನೆಯ ಒಂದೇ ಫೋನನ್ನು ಪಾಠದ ಹೊತ್ತಿಗೆ ಮಾತ್ರ ಮಗಳ ಕೈಗೆ ಕೊಡುತ್ತಿದ್ದ. ಇದಿಷ್ಟೂ ನನಗೆ ಆಮೇಲೆ ತಿಳಿದದ್ದು. ಗಣಿತದಲ್ಲಿ ಹುಡುಗಿ ಭಾಳ ಚುರುಕು ಎಂಬುದೊಂದೇ ನನಗೆ ಮೊದಲು ಗೊತ್ತಿದ್ದದ್ದು.

ಮೊದಮೊದಲು ಅವಳ ಧ್ವನಿ ಮಾತ್ರ ಬರುತ್ತಿತ್ತು. ಆಮೇಲೆ ನಮ್ಮ ಹೆಡ್‌ಮಾಸ್ತರರು ಹೊಸ ಹುಕುಂ ತಂದರು. ಅವರು ಬೈಲಹೊಂಗಲ ಕಡೆಯವರು. ಕೆಟ್ಟವರಲ್ಲ, ಆದರೆ ಮೇಲಿನವರ ಫೋನು ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವ ಮನುಷ್ಯ.

"ಬಾಯಾರ, ಇನ್ನ ಮ್ಯಾಲ ಎಲ್ಲಾ ಹುಡುಗೂರ ಮಾರಿ ಕಾಣಬೇಕು. ವೀಡಿಯೊ ಚಾಲೂ ಇಲ್ಲಂದ್ರ ಹಾಜರಿ ಇಲ್ಲ. ದಿನಾ ಫೋಟೋ ತಗದ ಕಳಸಬೇಕಂತ."

"ಎಲ್ಲಾರ ಕಡೆ ಹೆಂಗ ಆಗತೈತ್ರಿ ಸರ?"

"ಆಗೂದು ಬಿಡೂದು ನನಗ ಗೊತ್ತಿಲ್ರಿ. ನನಗ ಕೇಳ್ತಾರ, ನಾ ನಿಮಗ ಕೇಳ್ತೇನಿ."

ನಾನು ಮಕ್ಕಳಿಗೆ ಹೇಳಿದೆ. ಮರುದಿನ ಇನ್ನೂ ಒಂದಿಷ್ಟು ಮಕ್ಕಳು ಕಾಣೆಯಾದರು. ಕೆಲವರು ಗೋಡೆಯ ಬಿರುಕು, ಹರಕು ಕೌದಿ ಕಾಣಬಾರದೆಂದು ಮುಖವನ್ನು ಫೋನಿಗೆ ಒತ್ತಿಕೊಂಡು ಕೂತರು. ಬರೀ ಮೂಗು, ಬರೀ ಹುಬ್ಬು. ಭಾಗವ್ವ ಮಾತ್ರ ತಪ್ಪದೆ ಬಂದಳು. ಅವಳ ಹಿಂದೆ ಗೋಡೆಯಿರಲಿಲ್ಲ, ಮರವಿರಲಿಲ್ಲ. ಬರೀ ಆಕಾಶ. ಗಾಳಿಗೆ ಕೂದಲು ಹಾರುತ್ತಿತ್ತು. ಹುಡುಗರು ಅವಳಿಗೆ ಆಕಾಶವಾಣಿ ಎಂದು ಹೆಸರಿಟ್ಟರು. ಅವಳೂ ನಗುತ್ತಿದ್ದಳು. "ಹೌದ್ರಿ, ನಂದ ಮೊದಲ ವಾರ್ತಾ ಕೇಳ್ರಿ" ಎಂದು ಉತ್ತರ ಹೇಳುತ್ತಿದ್ದಳು.

ಶಿಕ್ಷಕರಷ್ಟೇ ಸೇರುತ್ತಿದ್ದ ಶಾಲೆಯಲ್ಲಿ ನಮ್ಮ ವಿಜ್ಞಾನದ ಶಿಕ್ಷಕಿ, "ಸ್ಲ್ಯಾಬಿನ ಮನಿ ಇರಬೇಕ್ರಿ. ಮಾಳಗಿ ಮ್ಯಾಲ ಗಾಳಿಗಿ ಕುಂದರತಾಳ. ಟಂಟಂದವರು ಭಕ್ತರ ಕಾಲಕ್ಕ ಛಲೋ ದುಡದಾರ" ಅಂದರು. ನಮಗೆಲ್ಲ ಅದು ಸರಿ ಅನ್ನಿಸಿತು. ನಮ್ಮ ಸೀಮೆಯಲ್ಲಿ ಮಾಳಿಗೆ ಇದ್ದವರೆಂದರೆ ಇದ್ದವರು. ಆಕಾಶ ಕಂಡದ್ದರಿಂದ ಭಾಗವ್ವ ನಮ್ಮ ಮನಸ್ಸಿನಲ್ಲಿ ಉಳ್ಳವರ ಸಾಲಿಗೆ ಸೇರಿಬಿಟ್ಟಳು. ಯಾರ ಮನೆಗೆ ಫೋನು ಮಾಡಿ ವಿಚಾರಿಸಬೇಕು ಎಂದು ಕೂತು ಮಾತಾಡಿದಾಗ ಅವಳ ಮಾತೇ ಬರಲಿಲ್ಲ.

ಒಂದು ಸಂಗತಿ ನನಗೆ ಚುಚ್ಚುತ್ತಿತ್ತು. ಅವಳು ಪಾಠದಲ್ಲಿ ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಒಂದು ಕೈಯಲ್ಲಿ ಫೋನು ಹಿಡಿದಿರುತ್ತಿದ್ದಳು, ಇನ್ನೊಂದು ಕೈ ಯಾವತ್ತೂ ಕಾಣುತ್ತಿರಲಿಲ್ಲ.

"ಭಾಗವ್ವಾ, ಬರಕೋವಾ. ಬಾಯಿಲೆ ಲೆಕ್ಕ ಎಷ್ಟ ದಿನ ಮಾಡ್ತಿ?"

"ಆಮ್ಯಾಲೆ ಬರೀತೇನ್ರಿ ಅಕ್ಕೋರ. ಎಲ್ಲಾ ತಲ್ಯಾಗ ಐತ್ರಿ."

"ಇನ್ನೊಂದ ಕೈಗೇನ ಮದರಂಗಿ ಹಚ್ಚಿಯೇನು?"

ಹುಡುಗರು ನಕ್ಕರು. ಅವಳು ನಗಲಿಲ್ಲ. ಆ ದಿನ ನನಗೆ ಒಂಥರಾ ಅಂಜಿಕೆ ಬಂತು, ಯಾಕೆ ಎಂದು ತಿಳಿಯಲಿಲ್ಲ.

ಕೆಲವು ದಿನಗಳ ನಂತರ ಕಿರು ಪರೀಕ್ಷೆ ಇಟ್ಟೆ. ಒಬ್ಬೊಬ್ಬರಿಗೂ ಪ್ರಶ್ನೆ ಕೇಳಿ ಬಾಯಲ್ಲೇ ಉತ್ತರ ಪಡೆಯುವುದು. ಭಾಗವ್ವನ ಸರದಿ ಬಂತು. ಅಪವರ್ತನದ ಲೆಕ್ಕ ಕೊಟ್ಟೆ. ಅವಳು ಕಣ್ಣು ಮುಚ್ಚಿಕೊಂಡು ಒಂದೊಂದೇ ಹೆಜ್ಜೆ ಬಿಡಿಸುತ್ತಿದ್ದಳು. ಆಗ ಚಿನ್ಮಯ ಕೂಗಿದ.

"ಅಕ್ಕೋರ, ಭಾಗವ್ವನ ಹಿಂದ ಏನೋ ಕರ್ರಗ ಹಾರಾಕತ್ತೈತ್ರಿ!"

ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಚೀರಿದಳು. ಆಕಾಶ ಒಮ್ಮೆ ತಲೆಕೆಳಗಾಯಿತು. ಕಬ್ಬಿಣದ ಸರಳೊಂದು ಸರಕ್ಕನೆ ಹಾದುಹೋಯಿತು, ದೂರದಲ್ಲಿ ಕೆಳಗೆ ಮನೆಗಳ ತಗಡು ಮಿಂಚಿದವು, ಆಮೇಲೆ ಕತ್ತಲೆ. ಅವಳ ಹೆಸರು ಪರದೆಯಿಂದ ಹೋಯಿತು.

ಮಾಳಿಗೆಯಿಂದ ನೋಡಿದರೆ ಮನೆಗಳು ಅಷ್ಟು ಚಿಕ್ಕವಾಗಿ ಕಾಣುವುದಿಲ್ಲ. ಅದು ತಲೆಗೆ ಹೊಳೆದದ್ದೇ ತಡ, ಅವರ ನಂಬರಿಗೆ ಫೋನು ಮಾಡಿದೆ. ಹತ್ತಲಿಲ್ಲ. ಮತ್ತೆ ಮಾಡಿದೆ. ಮಕ್ಕಳು "ಅಕ್ಕೋರ, ಏನಾತ್ರಿ, ಏನಾತ್ರಿ" ಎಂದು ಅಳುದನಿ ತೆಗೆದರು. ನಮ್ಮ ಮನೆಯವರು ಪಡಸಾಲೆಯಲ್ಲಿ ಕೂತಿದ್ದರು. ನನ್ನ ಮುಖ ನೋಡಿ ಸ್ಕೂಟರಿನ ಕೀಲಿ ತೆಗೆದುಕೊಂಡರು. ಅವತ್ತು ನನಗೆ ಸಿಕ್ಕ ಮೊದಲ ಪುಣ್ಯ ಅದು.

ಉಗರಗೋಳ ದಾಟುವವರೆಗೆ ನಾನು ಗುಡ್ಡದ ಕಡೆ ನೋಡುತ್ತ "ಉಧೋ ಉಧೋ ತಾಯಿ, ನಿನ್ನ ಮಗಳಾಕಿ" ಅನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ. ಹಳ್ಳಿ ಗುಡ್ಡದ ಮಗ್ಗುಲಲ್ಲಿ ತಗ್ಗಿನಲ್ಲಿತ್ತು. ದಾರಿ ಕೇಳಬೇಕಾಗಲಿಲ್ಲ. ಊರಿನ ನೀರಿನ ಟಾಕಿಯಿಂದ ದೂರದಲ್ಲಿ, ಬೇವಿನ ಮರದ ಕೆಳಗೆ ಜನ ನಿಂತಿದ್ದರು. ಎಲ್ಲರ ತಲೆಯೂ ಮೇಲೆ.

ಟಾಕಿಯ ಹೊಟ್ಟೆಗೆ ಹೆಜ್ಜೇನು ಹುಟ್ಟು ಕಟ್ಟಿತ್ತು. ಹದ್ದು ಬಡಿಯಿತೋ ಏನೋ, ಹುಳ ಎದ್ದಿದ್ದವು. ಕಬ್ಬಿಣದ ಏಣಿ ನೇರ ಮೇಲಕ್ಕೆ ಹೋಗಿತ್ತು. ನಡುವೆ ಒಂದು ಕಡೆ ಕಾಲೂರಲು ಮಣೆಯಷ್ಟು ಅಗಲದ ತಗಡಿನ ತಟ್ಟು. ಸುತ್ತ ಕಟಾಂಜನವಿಲ್ಲ. ಆ ತಟ್ಟಿನ ಮೇಲೆ ಭಾಗವ್ವ ಮುದುಡಿಕೊಂಡಿದ್ದಳು. ಮುಖಕ್ಕೆ ಓಡಣಿ ಸುತ್ತಿಕೊಂಡಿದ್ದಳು. ಒಂದು ಕೈ ಏಣಿಯ ಸರಳಿಗೆ ಬಿಗಿದಿತ್ತು. ಪಾಠದಲ್ಲಿ ಕಾಣದೆ ಇದ್ದ ಕೈ ಅದೇ.

ತಾಯಿ ನೆಲಕ್ಕೆ ಕುಸಿದು ಕೂತಿದ್ದಳು. ನನ್ನನ್ನು ಕಂಡು, "ಅಕ್ಕೋರ, ತಗಡಿನ ಮನ್ಯಾಗ ನೆಟ್‌ವರ್ಕ ಬರೂದಿಲ್ರಿ. ಮೊದಲ ಏಣಿದ ಕೆಳಗಿನ ಪಾವಟಿಗಿ ಮ್ಯಾಲ ಕುಂದರತಿದ್ಲು. ಮಾರಿ ಕಾಣಬೇಕಂದ್ರಂತಲ್ರಿ, ಅದಕ್ಕ ಮ್ಯಾಲ ಹತ್ತಾಕ ಹತ್ತಿದ್ಲು" ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ನೀರು ಬಿಡುವ ಮಲ್ಲೇಶಿ ಮೈತುಂಬ ಕಂಬಳಿ ಹೊದ್ದು, ಇನ್ನೊಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹತ್ತತೊಡಗಿದ. ಏಣಿ ಕಿರಗುಟ್ಟುವುದು ಮಾತ್ರ ಕೇಳುತ್ತಿತ್ತು. ಮೇಲೆ ಮುಟ್ಟಿದ ಮೇಲೆ ಅವನ ದನಿ ಕೇಳಿತು. "ಕೈ ಬಿಡವಾ. ನಾ ಹಿಡದೇನಿ." ಅವಳು ಬಿಡಲಿಲ್ಲ. "ಬಿಡ ನನ್ನವ್ವಾ, ನಿನ್ನ ಬೀಳಗೊಡಂಗಿಲ್ಲ." ಅವಳ ಬೆರಳು ಒಂದೊಂದೇ ಸಡಿಲವಾಗುವುದನ್ನು ಕೆಳಗಿನಿಂದ ನೋಡಿದೆನೋ, ನೋಡಿದೆ ಅಂದುಕೊಂಡೆನೋ, ಈಗ ಹೇಳಲಾರೆ. ಅವನು ಅವಳಿಗೆ ಕಂಬಳಿ ಸುತ್ತಿ, ತನ್ನ ಮೈಗೂ ಏಣಿಗೂ ನಡುವೆ ಇಟ್ಟುಕೊಂಡು ಪಾವಟಿಗೆ ಪಾವಟಿಗೆ ಇಳಿಸಿದ. ಅವಳ ಕಾಲು ನೆಲ ಮುಟ್ಟಿದಾಗ ನಾನು ಅಲ್ಲೇ ಮಣ್ಣಿಗೆ ಹಣೆ ಹಚ್ಚಿದೆ.

ಮುಖವೆಲ್ಲ ಬಾತು ಕಣ್ಣು ಮುಚ್ಚಿದ್ದವು. ನನ್ನ ದನಿಗೆ ಗುರುತು ಹಿಡಿದಳು. ಹುಡುಗಿ ಮೊದಲು ಆಡಿದ ಮಾತು ಇದು.

"ಅಕ್ಕೋರ, ವೀಡಿಯೊ ನಾ ಬಂದ್ ಮಾಡಿಲ್ರಿ. ಫೋನ ಬಿತ್ರಿ. ಹಾಜರಿ ಹಾಕ್ರಿ."

ದವಾಖಾನೆಗೆ ಒಯ್ದೆವು. ಕಣ್ಣು ಉಳಿದವು, ಜ್ವರ ಇಳಿಯಿತು. ಮಲ್ಲೇಶಿಗೂ ಹುಳ ಕಡಿದಿದ್ದವು, ಅವನಿಗೂ ಗುಣವಾಯಿತು. ಇವೆಲ್ಲ ಚಿಕ್ಕ ಸಂಗತಿಗಳಲ್ಲ.

ಹೆಡ್‌ಮಾಸ್ತರರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಕೊಂಡರು. ಆಮೇಲೆ, "ಬಾಯಾರ, ಸುದ್ದಿ ಹೊರಗ ಹೋಗೂದ ಬ್ಯಾಡ್ರಿ" ಅಂದರು.

"ನಾ ಇನ್ನ ಯಾರಿಗೂ ಮಾರಿ ತೋರಸು ಅನ್ನೂದಿಲ್ರಿ ಸರ."

"ಮತ್ತ ಫೋಟೋ ಕೇಳ್ತಾರಲ್ರಿ ಮ್ಯಾಲಿನವರು?"

"ನನ್ನ ಮಾರೀನ ದಿನಾ ಕಳಸ್ರಿ. ಬ್ಯಾರೆ ಬ್ಯಾರೆ ಸೀರಿ ಉಟ್ಕೊಂಡ ಕುಂದರತೇನಿ."

ಅವರು ನಗಲಿಲ್ಲ. ಆದರೆ ಆ ವಾರದ ನಂತರ ನಮ್ಮ ಶಾಲೆಯಲ್ಲಿ ವೀಡಿಯೊ ಕೇಳುವುದು ನಿಂತಿತು. ಮೇಲಿನವರಿಗೆ ಏನು ಹೇಳಿದರೋ, ಎದ್ದು ನಿಂತು ಹೇಳಿದರೋ ಕೂತು ಹೇಳಿದರೋ, ನಾನು ಕೇಳಲಿಲ್ಲ.

ನಿಜವಾದ ಅಂಜಿಕೆ ಆಮೇಲೆ ಬಂತು. ಭಾಗವ್ವನನ್ನು ನೋಡಲು ಹೋದಾಗ ಬಸಪ್ಪ ಬಾಗಿಲಲ್ಲೇ ಕೈ ಮುಗಿದು ನಿಂತ.

"ಸಾಲಿ ಸಾಕ್ರಿ ಅಕ್ಕೋರ. ಹುಡುಗಿ ಉಳದಾಳ, ಅಷ್ಟ ಸಾಕು. ಇನ್ನೊಂದ ಸಲ ಯಲ್ಲಮ್ಮ ತಾಯಿನ್ನ ಪರೀಕ್ಷಾ ಮಾಡೂದ ಬ್ಯಾಡ್ರಿ."

ಬೇರೆ ಯಾವ ಮಾತಾಡಿದ್ದರೂ ನಾನು ಎದುರುತ್ತರ ಕೊಡುತ್ತಿದ್ದೆ. ದೇವಿಯ ಹೆಸರು ತಂದನಲ್ಲ, ನನಗೂ ಹಾಗೇ ಅನ್ನಿಸುತ್ತಿತ್ತು. ಒಳಗೆ ಭಾಗವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಮಾಡಿರಲಿಲ್ಲ, ಉಸಿರಿನಿಂದ ತಿಳಿಯುತ್ತಿತ್ತು. ಹೀಗೆ ಮನೆಯಲ್ಲಿ ಕೂತ ಹುಡುಗಿಯರು ಶಾಲೆ ತೆರೆದ ಮೇಲೂ ತಿರುಗಿ ಬರುವುದಿಲ್ಲ, ಅದನ್ನು ಎಷ್ಟೋ ಸಲ ಕಂಡಿದ್ದೇನೆ. ಮುಂದಿನ ಸುದ್ದಿ ಮದುವೆಯ ಅಕ್ಕಿಕಾಳಿನದು ಬರುತ್ತದೆ.

ನನಗೆ ಒಂದು ಹರಕೆಯಿತ್ತು. ಮಂಗಳವಾರ, ಶುಕ್ರವಾರ ಗುಡ್ಡಕ್ಕೆ ಹೋಗಿ ತಾಯಿಯ ದರ್ಶನ ಮಾಡುವುದು. ಗುಡಿ ಮುಚ್ಚಿದ ಮೇಲೆ ಉಗರಗೋಳದಿಂದಲೇ ಗುಡ್ಡಕ್ಕೆ ಕೈ ಮುಗಿದು ಬರುತ್ತಿದ್ದೆ. ಮುಂದಿನ ಮಂಗಳವಾರ ಕೈ ಮುಗಿದವಳು ತಿರುಗಿ ಮನೆಗೆ ಹೋಗಲಿಲ್ಲ, ನೇರ ಬಸಪ್ಪನ ಮನೆಗೆ ಹೋದೆ. ಚೀಲದಲ್ಲಿ ಸೀಮೆಸುಣ್ಣವಿತ್ತು. ಅಂಗಳದಲ್ಲಿ ನಿಂತು ಅವರ ತಗಡಿನ ಬಾಗಿಲ ಮೇಲೆ ಅಂದು ಅರ್ಧಕ್ಕೆ ನಿಂತಿದ್ದ ಲೆಕ್ಕ ಬರೆದೆ. ಬಸಪ್ಪ ನೋಡುತ್ತ ನಿಂತ. "ಹರಕಿಗೆ ಬಂದಿದ್ನೆಪಾ. ಹಂಗ ಬಂದೆ" ಅಂದೆ. ಅದು ಸುಳ್ಳಲ್ಲ.

ಭಾಗವ್ವ ಹೊರಗೆ ಬಂದಳು. ಬಾತ ಮುಖ ಇನ್ನೂ ಇಳಿದಿರಲಿಲ್ಲ. ಲೆಕ್ಕದ ಕೆಳಗಿನ ಸಾಲು ಬರೆದಳು. ಆ ವರ್ಷ ಅವಳು ಎರಡೂ ಕೈ ಬಿಡುವಾಗಿ ಬರೆದದ್ದು ಅದೇ ಮೊದಲೇನೋ.

ಶುಕ್ರವಾರ ಹೋದೆ. ಮತ್ತೆ ಮಂಗಳವಾರ. ಓಣಿಯ ಇನ್ನಷ್ಟು ಮಕ್ಕಳು ಬಂದು ಅಂಗಳದಲ್ಲಿ ಕೂತರು. ಬಸಪ್ಪ ದೂರ ನಿಂತೇ ಇರುತ್ತಿದ್ದ. ಪ್ರತಿ ಸಲ ಹೋಗುವಾಗಲೂ ಇವತ್ತು ಬೇಡ ಅನ್ನುತ್ತಾನೆ ಎಂದು ಅಂಜುತ್ತಿದ್ದೆ. ಒಂದು ದಿನ ಬಿಸಿಲು ಬಹಳವಿತ್ತು. ಹೋಗಿ ನೋಡಿದರೆ ಅಂಗಳ ಖಾಲಿ. ಬಾಗಿಲ ಮೇಲಿನ ಸುಣ್ಣವನ್ನು ಒರೆಸಿಹಾಕಿದ್ದರು. ಮುಗಿಯಿತು ಅಂದುಕೊಂಡೆ.

ಮನೆಯ ಹಿಂದಿನಿಂದ ಬಸಪ್ಪನ ದನಿ ಬಂತು. "ಅಕ್ಕೋರ, ಇತ್ತಾಗ ಬರ್ರಿ. ಇಲ್ಲಿ ನೆಳ್ಳ ಐತಿ."

ಗುಡಿ ಮುಚ್ಚಿದಾಗಿನಿಂದ ನಿಂತಲ್ಲೇ ನಿಂತಿದ್ದ ಟಂಟಂ ಅನ್ನು ಅವನು ಹಿತ್ತಲ ಬೇವಿನ ಕೆಳಗೆ ತಳ್ಳಿ ತಂದಿದ್ದ. ಭಕ್ತರು ಕೂರುವ ಹಿಂದಿನ ಸೀಟುಗಳಲ್ಲಿ ಎದುರುಬದುರು ಮಕ್ಕಳು ಕೂತಿದ್ದರು. ನನಗೆ ಡ್ರೈವರನ ಸೀಟು ಬಿಟ್ಟಿದ್ದ, ಅದರ ಮೇಲೆ ಒಗೆದ ಟವೆಲು ಹಾಸಿದ್ದ.

"ಗಾಡಿಗಿ ಕೆಲಸ ಇಲ್ಲರಿ" ಅಂದ. "ಹುಡುಗೂರರ ಕುಂದರ್ಲಿ."

ಭಾಗವ್ವ ಹತ್ತನೆಯದನ್ನು ಮುಗಿಸಿದಳು. ಅವಳಿಗೆ ಬಂದ ಅಂಕ ಹೇಳಿಕೊಳ್ಳುವಂಥವಲ್ಲ. ಚಿನ್ಮಯನಿಗೆ ಬಹಳ ಬಂದವು, ಶಾಲೆಯಲ್ಲಿ ಹಾರ ಹಾಕಿದರು. ಅವನ ಶ್ರಮವೂ ಇತ್ತು. ಆದರೆ ಅಂಕಪಟ್ಟಿಯಲ್ಲಿ ಒಬ್ಬನ ಬೆನ್ನ ಹಿಂದೆ ಗೋಡೆಯಿತ್ತು, ಇನ್ನೊಬ್ಬಳ ಕೈ ಏಣಿ ಹಿಡಿದಿತ್ತು ಎಂದು ಬರೆಯಲು ಜಾಗವಿರುವುದಿಲ್ಲ. ಅದನ್ನು ಶಿಕ್ಷಕರೇ ಹೋಗಿ ನೋಡಬೇಕು. ಸುಮಂಗಲಾ, ಫೋನಿನಲ್ಲಿ ಎಲ್ಲ ಸಿಗುತ್ತದೆ ಅಂದೆಯಲ್ಲ, ಅದೊಂದು ಸಿಗುವುದಿಲ್ಲ. ಹಾಜರಿ ಕೂಗುವ ಮೊದಲು ಎಲ್ಲಿ ಕೂತಿದ್ದೀ ಎಂದು ಕೇಳು.

ಭಾಗವ್ವ ಈಗ ಧಾರವಾಡದಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಳೆ. ಗುಡಿ ತೆರೆದಿದೆ, ಬಸಪ್ಪನ ಗಾಡಿ ಮತ್ತೆ ಗುಡ್ಡ ಹತ್ತುತ್ತದೆ. ಹುಡುಗಿ ಆಗಾಗ ವೀಡಿಯೊ ಫೋನು ಮಾಡುತ್ತಾಳೆ. ನಾನು ಅವಳ ಮುಖಕ್ಕಿಂತ ಮೊದಲು ಅವಳ ಹಿಂದೆ ಏನಿದೆ ಎಂದು ನೋಡುತ್ತೇನೆ. ಹಾಸ್ಟೆಲಿನ ಗೋಡೆ ಕಂಡರೆ ಉಸಿರು ಬಿಡುತ್ತೇನೆ. ಕಳೆದ ಶುಕ್ರವಾರ ದೀಪ ಹಚ್ಚಿ ಏಳುವಾಗ ಫೋನು ಬಂತು. ತೆಗೆದರೆ ಅವಳ ಹಿಂದೆ ಬರೀ ಆಕಾಶ, ಕೂದಲು ಗಾಳಿಗೆ ಹಾರುತ್ತಿದೆ. ಕೈಯೊಳಗಿನ ಎಣ್ಣೆಯ ಗಿಂಡಿ ಕೆಳಗಿಟ್ಟೆ.

"ಎಲ್ಲಿದ್ದೀಯವಾ?"

ಅವಳು ನಕ್ಕಳು. ನನ್ನ ಅಂಜಿಕೆ ಅವಳಿಗೆ ಗೊತ್ತು. ಫೋನನ್ನು ಮೆಲ್ಲಗೆ ಕೆಳಗೆ ತಿರುಗಿಸಿದಳು. ಬಿಳಿ ಸಮವಸ್ತ್ರದ ಅಂಚು, ಅದರ ಕೆಳಗೆ ಚಪ್ಪಲಿ, ಚಪ್ಪಲಿಯ ಕೆಳಗೆ ಮೈದಾನದ ಕೆಂಪು ಮಣ್ಣು.

"ನೋಡ್ರಿ ಅಕ್ಕೋರ" ಅಂದಳು. "ನೆಲದ ಮ್ಯಾಲ ಅದೇನಿ."